ನೋವು ಕೇಳೋದೇ ಕೆಲಸ: ಕೌನ್ಸೆಲರ್‌ಗಳ ಮನೆಯೊಳಗೆ ಏನಾಗುತ್ತೆ?

ಬೆಂಗಳೂರು: ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮೇನ್ ರೋಡುಗಳಲ್ಲಿ ತಲೆ ಎತ್ತಿ ನೋಡಿದರೆ ಮೆಡಿಕಲ್ ಸ್ಟೋರಿನ ಮೇಲೋ, ಟ್ಯೂಷನ್ ಸೆಂಟರಿನ ಪಕ್ಕದಲ್ಲೋ ‘ಆಪ್ತ ಸಮಾಲೋಚನೆ’ ಅಥವಾ ‘ಕೌನ್ಸೆಲಿಂಗ್’ ಅಂತ ಬರೆದ ಸಣ್ಣ ಬೋರ್ಡ್ ಕಾಣುತ್ತೆ. ಮೆಟ್ಟಿಲು ಹತ್ತಿ ಯಾರು ಹೋಗ್ತಾರೆ, ಯಾರು ಕಣ್ಣು ಒರೆಸಿಕೊಂಡು ಇಳಿದು ಬರ್ತಾರೆ ಅನ್ನೋದು ಕೆಳಗಿನ ಅಂಗಡಿಯವರಿಗೆ ಗೊತ್ತು. ಒಳಗೆ ಏನು ನಡೆಯುತ್ತೆ ಅನ್ನೋದು ಗೊತ್ತಿಲ್ಲ. ‘ಕೂತು ಮಾತಾಡೋದಕ್ಕೂ ದುಡ್ಡಾ’ ಅನ್ನೋ ಮಾತು ಮಾತ್ರ ಎಲ್ಲ ಕಡೆ ಇದೆ.

ಆ ಮಾತಿಗೆ ಬೆಲೆ ಇದೆಯೋ ಇಲ್ಲವೋ ಅನ್ನೋದು ಬೇರೆ ಚರ್ಚೆ. ಅದನ್ನ ಕೇಳಿಸಿಕೊಂಡು ಕೂತವರು ಒಂದು ಬೆಲೆ ಕೊಡ್ತಾರೆ ಅನ್ನೋದಂತೂ ನಿಜ. ಅತ್ಯಾಚಾರ, ಅಪಘಾತ, ಮನೆಯೊಳಗಿನ ಹೊಡೆತ, ಮನೆಯವರೊಬ್ಬರ ಆತ್ಮಹತ್ಯೆ, ಇಂಥ ಆಘಾತ ಅನುಭವಿಸಿದವರ ಕಥೆಯನ್ನ ದಿನಾ ಕೇಳುವ ಕೌನ್ಸೆಲರ್‌ಗಳ ನಿದ್ದೆ, ಸಿಟ್ಟು, ಸಂಸಾರ, ಮಕ್ಕಳನ್ನ ಬೆಳೆಸೋ ರೀತಿ ಎಲ್ಲದರ ಮೇಲೂ ಅದರ ಪರಿಣಾಮ ಆಗುತ್ತೆ. ಅದು ಮೊದಲು ಗೊತ್ತಾಗೋದು ಮನೆಯವರಿಗೆ. ಆದರೆ ಮನೆಯವರಿಗೆ ಕಾರಣ ಹೇಳೋ ಹಾಗಿಲ್ಲ. ಬಂದವರ ಗುಟ್ಟು ಕಾಪಾಡೋದು ಈ ಕೆಲಸದ ಮೊದಲ ಷರತ್ತು.

ಎಲ್ಲ ಕೌನ್ಸೆಲಿಂಗೂ ಒಂದೇ ಅಲ್ಲ

ಎಸ್ಸೆಸ್ಸೆಲ್ಸಿ ಮಗನಿಗೆ ಪರೀಕ್ಷೆ ಭಯ, ಅತ್ತೆ ಸೊಸೆ ಜಗಳ, ಕೆಲಸ ಬಿಡಲೋ ಬೇಡವೋ ಅನ್ನೋ ಗೊಂದಲ, ಇಂಥದ್ದಕ್ಕೂ ಜನ ಕೌನ್ಸೆಲರ್ ಹತ್ತಿರ ಹೋಗ್ತಾರೆ. ಅದೂ ಸುಲಭದ ಕೆಲಸ ಅಲ್ಲ, ಆದರೆ ಸಂಜೆ ಬಾಗಿಲು ಹಾಕಿದ ಮೇಲೆ ಅದು ಅಲ್ಲೇ ಉಳಿಯೋ ಸಾಧ್ಯತೆ ಜಾಸ್ತಿ.

ಆಘಾತದ ಕೇಸು ಹಾಗಲ್ಲ. ಅಣ್ಣ ನೇಣು ಹಾಕಿಕೊಂಡಿದ್ದನ್ನ ಮೊದಲು ನೋಡಿದ ತಂಗಿ ಬರ್ತಾಳೆ. ಮೈಸೂರು ರಸ್ತೆಯಲ್ಲಿ ತನ್ನ ಕಣ್ಣೆದುರೇ ಗಂಡನ ಬೈಕಿಗೆ ಲಾರಿ ಗುದ್ದಿದ್ದನ್ನ ಕಂಡ ಹೆಂಗಸು ಬರ್ತಾಳೆ. ಅವರು ಮೊದಲು ಏನೂ ಹೇಳಲ್ಲ. ನಾಲ್ಕನೇ ಸಲವೋ ಐದನೇ ಸಲವೋ ಬಂದಾಗ ಹೇಳೋಕೆ ಶುರು ಮಾಡ್ತಾರೆ. ಹೇಳೋವಾಗ ಪೂರ್ತಿ ಹೇಳ್ತಾರೆ: ವಾಸನೆ, ಶಬ್ದ, ಯಾವ ಬಣ್ಣದ ಸೀರೆ, ಫ್ಯಾನ್ ತಿರುಗ್ತಾ ಇತ್ತಾ ನಿಂತಿತ್ತಾ. ಹೇಳಿದ್ದನ್ನೇ ಮತ್ತೆ ಹೇಳ್ತಾರೆ. ಅದನ್ನ ಹೇಳಿಸೋದು, ಹೇಳೋವಾಗ ಜೊತೆಗಿರೋದು ಚಿಕಿತ್ಸೆಯ ಭಾಗ. ಮುಖ ತಿರುಗಿಸೋ ಹಾಗಿಲ್ಲ, ‘ಸಾಕು ಬಿಡಿ’ ಅನ್ನೋ ಹಾಗಿಲ್ಲ, ಅಳೋ ಹಾಗೂ ಇಲ್ಲ. ಒಬ್ಬರು ಎದ್ದು ಹೋದ ಹತ್ತು ನಿಮಿಷಕ್ಕೆ ಇನ್ನೊಬ್ಬರು.

ಬೆಂಗಳೂರಿಗೆ ಈ ಕೆಲಸ ಹೊಸದೇನಲ್ಲ. 1981ರ ಫೆಬ್ರವರಿ 7ರಂದು ನಗರದಲ್ಲಿ ವೀನಸ್ ಸರ್ಕಸ್ ಟೆಂಟಿಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತಿದ್ದು ಹಳಬರಿಗೆ ನೆನಪಿರುತ್ತೆ. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು. ಆ ಕುಟುಂಬಗಳ ದುಃಖ ಹೇಗಿತ್ತು ಅಂತ ನಿಮ್ಹಾನ್ಸ್‌ನವರು ಅಧ್ಯಯನ ಮಾಡಿ, 1987ರಲ್ಲಿ ತಮ್ಮ ಸಂಸ್ಥೆಯ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಮೇಲೆ ಭೋಪಾಲ್ ಅನಿಲ ದುರಂತ, 1993ರ ಲಾತೂರ್ ಭೂಕಂಪ, 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ, 2004ರ ಸುನಾಮಿ, ಹೀಗೆ ಎಲ್ಲಿ ಏನಾದರೂ ಹೊಸೂರು ರಸ್ತೆಯ ಈ ಸಂಸ್ಥೆಯವರು ಹೋಗಿದ್ದಾರೆ, ಇಲ್ಲವೇ ಅಲ್ಲಿನವರಿಗೆ ತರಬೇತಿ ಕೊಟ್ಟಿದ್ದಾರೆ.

ಸರ್ಕಸ್ ದುರಂತದ ಅಧ್ಯಯನ ನೋಡಿದ್ದು ಸಂಬಂಧಿಕರ ದುಃಖವನ್ನ. ಮಕ್ಕಳನ್ನ ಕಳೆದುಕೊಂಡ ಅಪ್ಪ ಅಮ್ಮಂದಿರ ಎದುರು ಕೂತು ಅದನ್ನ ಕೇಳಿ ಬರೆದುಕೊಂಡವರು ಸಂಜೆ ಮನೆಗೆ ಹೋಗಿ ತಮ್ಮ ಮಕ್ಕಳನ್ನ ಹೇಗೆ ನೋಡಿದರು ಅನ್ನೋದು ಅದರ ವಿಷಯ ಆಗಿರಲಿಲ್ಲ. ಆ ಕಾಲಕ್ಕೆ ಅದಕ್ಕೆ ಸರಿಯಾದ ಹೆಸರೂ ಇರಲಿಲ್ಲ.

ಸುಸ್ತು ಬೇರೆ, ಇದು ಬೇರೆ

ಹೆಸರುಗಳು ಬಂದಿದ್ದು ಹೊರದೇಶದಿಂದ. ಮೊದಲು ಬಂದಿದ್ದು ‘ಬರ್ನೌಟ್’. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ ಇದರ ಬಗ್ಗೆ ಬರೆದರು. ಅತಿಯಾದ ಕೆಲಸ, ಕಡಿಮೆ ಸಂಬಳ, ಹೊಗಳಿಕೆ ಇಲ್ಲ, ಕೊನೆ ಇಲ್ಲ, ಹೀಗಾದಾಗ ಮನುಷ್ಯ ಒಳಗಿಂದ ಬತ್ತಿ ಹೋಗೋದು. ಇದು ಬಿಎಂಟಿಸಿ ಕಂಡಕ್ಟರ್‌ಗೂ ಆಗಬಹುದು, ಬೆಳಗ್ಗೆ ಆರಕ್ಕೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸೋ ಕಾಂಡಿಮೆಂಟ್ಸ್ ಅಂಗಡಿಯವರಿಗೂ ಆಗಬಹುದು.

ಎರಡನೇದು ಬೇರೆ ಥರ. 1990ರಲ್ಲಿ ಲೀಸಾ ಮಕ್ಯಾನ್, ಲಾರಿ ಆನ್ ಪರ್ಲ್‌ಮನ್ ಅನ್ನೋ ಇಬ್ಬರು ಒಂದು ಲೇಖನ ಬರೆದು, ಆಘಾತಕ್ಕೆ ಒಳಗಾದವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರೆ ಕೌನ್ಸೆಲರ್ ಜಗತ್ತನ್ನ ನೋಡೋ ರೀತಿಯೇ ಬದಲಾಗುತ್ತೆ ಅಂದರು. ಯಾರನ್ನ ನಂಬಬಹುದು, ಎಲ್ಲಿ ಕ್ಷೇಮ, ದೇವರು ಇದ್ದಾನಾ, ಇಂಥ ಬುಡದ ನಂಬಿಕೆಗಳೇ ಅಲುಗಾಡ್ತವೆ. 1995ರಲ್ಲಿ ಚಾರ್ಲ್ಸ್ ಫಿಗ್ಲಿ ಇದರ ಹತ್ತಿರದ ಇನ್ನೊಂದನ್ನ ‘ಕಂಪ್ಯಾಷನ್ ಫಟೀಗ್’ ಅಂತ ಕರೆದರು. ಕನ್ನಡದಲ್ಲಿ ಕರುಣೆಯ ಬಳಲಿಕೆ ಅನ್ನಬಹುದು. ಬೇರೆಯವರು ಅನುಭವಿಸಿದ್ದು ತನಗೇ ಕನಸಲ್ಲಿ ಬರೋದು, ಅಂಥದ್ದೇ ಜಾಗ ಕಂಡ್ರೆ ಎದೆ ಹೊಡೆದುಕೊಳ್ಳೋದು, ಕೊನೆಗೆ ಯಾರ ಕಷ್ಟ ಕೇಳಿದರೂ ಏನೂ ಅನ್ನಿಸದೇ ಹೋಗೋದು.

ಸುಸ್ತಾದವರಿಗೆ ಒಂದು ವಾರ ರಜೆ ಕೊಟ್ಟು ಊರಿಗೆ ಕಳಿಸಿದ್ರೆ ಸ್ವಲ್ಪವಾದರೂ ಸರಿಹೋಗ್ತಾರೆ. ಈ ಎರಡನೇದು ಬಸ್ ಹತ್ತಿ ಜೊತೆಗೇ ಊರಿಗೆ ಬರುತ್ತೆ.

ಇದೆಲ್ಲಾ ಬರೀ ಭ್ರಮೆ ಅನ್ನೋರಿಗೆ ಒಂದು ಮಾತು. ಮನೋವೈದ್ಯರು ಜಗತ್ತಿನಾದ್ಯಂತ ಬಳಸೋ ಡಿಎಸ್‌ಎಂ ಅನ್ನೋ ಕೈಪಿಡಿಯ ಐದನೇ ಆವೃತ್ತಿ 2013ರಲ್ಲಿ ಬಂತು. ಆಘಾತದ ನಂತರದ ಕಾಯಿಲೆಗೆ, ಅಂದರೆ ಪಿಟಿಎಸ್‌ಡಿಗೆ, ಘಟನೆಯನ್ನ ತಾನೇ ಅನುಭವಿಸಿರಬೇಕು ಅಂತೇನಿಲ್ಲ, ಕೆಲಸದ ಭಾಗವಾಗಿ ಅಂಥ ಭೀಕರ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳೋದೂ ಕಾರಣ ಆಗಬಹುದು ಅಂತ ಅದರಲ್ಲಿ ಸೇರಿಸಿದ್ದಾರೆ. ಅದಕ್ಕೆ ಕೊಟ್ಟಿರೋ ಉದಾಹರಣೆ, ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನ ಪದೇ ಪದೇ ನೋಡಬೇಕಾದ ಪೊಲೀಸರು.

ಎಲ್ಲ ಕೌನ್ಸೆಲರ್‌ಗಳಿಗೂ ಹೀಗಾಗುತ್ತೆ ಅಂತಲ್ಲ. ಬಹಳ ಜನ ಇಪ್ಪತ್ತು ವರ್ಷ ಈ ಕೆಲಸ ಮಾಡಿಯೂ ಚೆನ್ನಾಗೇ ಇರ್ತಾರೆ. ಯಾರಿಗೆ ಜಾಸ್ತಿ ಆಗುತ್ತೆ, ಯಾರಿಗೆ ಕಡಿಮೆ ಅನ್ನೋದಕ್ಕೆ ಕಾರಣ ಇದೆ, ಅದು ಮುಂದೆ ಬರುತ್ತೆ.

ಮನೆಯಲ್ಲಿ ಕಾಣೋದು ಹೇಗೆ

ಮೊದಲನೇದಾಗಿ ಭಯ. ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳನ್ನೇ ಜಾಸ್ತಿ ನೋಡೋ ತಾಯಿಗೆ ತನ್ನ ಮಗಳನ್ನ ಎರಡು ಬೀದಿ ಆಚೆ ಟ್ಯೂಷನ್‌ಗೆ ಕಳಿಸೋಕೆ ಕಾಲು ಬರಲ್ಲ. ಯಾಕಂದ್ರೆ ಅವಳು ಕೇಳಿರೋ ಕಥೆಗಳಲ್ಲಿ ತಪ್ಪು ಮಾಡಿದವನು ಅಪರಿಚಿತ ಅಲ್ಲ. ಮಾವ, ಪಕ್ಕದ ಮನೆ ಅಂಕಲ್, ವ್ಯಾನ್ ಡ್ರೈವರ್. ಹಬ್ಬಕ್ಕೆ ಬಂದ ಸಂಬಂಧಿಕರ ತೊಡೆ ಮೇಲೆ ಮಗು ಕೂತ್ರೆ ಇವಳ ಕಣ್ಣು ಅಲ್ಲೇ. ಗಂಡ ‘ನಿಂಗೆ ಎಲ್ಲರ ಮೇಲೂ ಅನುಮಾನ’ ಅಂತಾನೆ. ಅತ್ತೆಗೆ ಬೇಜಾರು. ಮಗಳಿಗೆ ಉಸಿರುಕಟ್ಟು.

ಎರಡನೇದು ಇದಕ್ಕೆ ಪೂರ್ತಿ ಉಲ್ಟಾ. ಏನೂ ಅನ್ನಿಸದೇ ಹೋಗೋದು. ಮಗ ಸ್ಕೂಲಿಂದ ಬಂದು ‘ಅಮ್ಮಾ, ನನ್ನ ಬೆಸ್ಟ್ ಫ್ರೆಂಡ್ ಮಾತಾಡ್ತಿಲ್ಲ’ ಅಂತ ಅಳ್ತಾನೆ. ಅವನಿಗೆ ಅದೇ ಜಗತ್ತಿನ ದೊಡ್ಡ ದುಃಖ. ಬೆಳಗ್ಗೆಯಿಂದ ನಾಲ್ಕು ಸಾವಿನ ಕಥೆ ಕೇಳಿ ಬಂದವಳಿಗೆ ‘ಇದೊಂದು ಪ್ರಾಬ್ಲಮ್ಮಾ’ ಅನ್ಸುತ್ತೆ. ಬಾಯಲ್ಲಿ ಹೇಳದಿದ್ರೂ ಮುಖದಲ್ಲಿ ಗೊತ್ತಾಗುತ್ತೆ. ಊರೆಲ್ಲರ ಮಾತು ತಾಳ್ಮೆಯಿಂದ ಕೇಳೋಳಿಗೆ ಮನೆಯವರ ಮಾತು ಕೇಳೋಕೆ ತಾಳ್ಮೆ ಇಲ್ಲ ಅನ್ನೋ ದೂರು ಇಲ್ಲಿಂದಲೇ ಹುಟ್ಟೋದು. ದೂರಿನಲ್ಲಿ ಸುಳ್ಳಿಲ್ಲ. ದಿನಕ್ಕಿಷ್ಟು ಅಂತ ಇರೋ ತಾಳ್ಮೆ ಸಂಜೆ ಹೊತ್ತಿಗೆ ಖಾಲಿ ಆಗಿರುತ್ತೆ, ಅಷ್ಟೇ.

ಗಂಡ ಹೆಂಡತಿ ನಡುವೆ ಆಗೋದರ ಬಗ್ಗೆ ಯಾರೂ ಬಾಯಿ ಬಿಡಲ್ಲ. ಲೈಂಗಿಕ ದೌರ್ಜನ್ಯದ ಕೇಸುಗಳನ್ನ ನೋಡೋರಿಗೆ ಕೆಲವು ದಿನ ಮುಟ್ಟಿದರೂ ಆಗಲ್ಲ. ಕೇಳಿದ ಕಥೆ ಬೇಡದ ಹೊತ್ತಲ್ಲಿ ಕಣ್ಣ ಮುಂದೆ ಬರುತ್ತೆ. ಎದುರಿನವರು ಇದು ತಮ್ಮ ಮೇಲಿನ ಸಿಟ್ಟು ಅಂದುಕೊಳ್ತಾರೆ. ಗಂಡಸು ಕೌನ್ಸೆಲರ್‌ಗಳಿಗೂ ಇದು ಆಗುತ್ತೆ. ಅವರಲ್ಲಿ ಕೆಲವರಿಗೆ ಅದು ‘ನಾನೂ ಇದೇ ಗಂಡಸರ ಜಾತಿಯವನಲ್ವಾ’ ಅನ್ನೋ ನಾಚಿಕೆಯ ರೂಪದಲ್ಲಿ ಬರುತ್ತೆ.

ಈ ಕೆಲಸದಲ್ಲಿ ಹೆಂಗಸರೇ ಹೆಚ್ಚು ಕಾಣ್ತಾರೆ ಅನ್ನೋದನ್ನ ಇಲ್ಲಿ ಸೇರಿಸಬೇಕು. ಆರೂವರೆಗೆ ಬಾಗಿಲು ಹಾಕಿ, ದಾರಿಯಲ್ಲಿ ಸೊಪ್ಪು, ಹಾಲು ತಗೊಂಡು, ಏಳು ಗಂಟೆಗೆ ಒಲೆ ಮುಂದೆ ನಿಲ್ಲಬೇಕು. ಕೇಳಿದ್ದನ್ನ ಇಳಿಸಿಕೊಳ್ಳೋಕೆ ನಡುವೆ ಜಾಗವೇ ಇಲ್ಲ.

ಹೇಳೋ ಹಾಗಿಲ್ಲ ಅನ್ನೋದೇ ದೊಡ್ಡ ಭಾರ

ಬೇರೆ ಯಾವ ಕೆಲಸದವರಾದರೂ ರಾತ್ರಿ ಊಟದ ಹೊತ್ತಿಗೆ ‘ಇವತ್ತು ಒಬ್ಬ ಗಿರಾಕಿ ಬಂದಿದ್ದ ನೋಡು’ ಅಂತ ಶುರು ಮಾಡಿ ಹಗುರ ಆಗ್ತಾರೆ. ಕೌನ್ಸೆಲರ್‌ಗೆ ಆ ದಾರಿ ಮುಚ್ಚಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆ ಪಡೆಯೋರ ಮಾಹಿತಿ ಗೋಪ್ಯವಾಗಿ ಇರಬೇಕು ಅನ್ನೋದನ್ನ ಹಕ್ಕು ಅಂತಲೇ ಹೇಳುತ್ತೆ. ಕಾಯ್ದೆ ಇಲ್ಲದಿದ್ದರೂ ವೃತ್ತಿಯ ನಿಯಮ ಅದೇ.

ನಮ್ಮ ಏರಿಯಾಗಳಲ್ಲಿ ಇದು ಇನ್ನೂ ಕಷ್ಟ, ಯಾಕಂದ್ರೆ ಎಲ್ಲರೂ ಎಲ್ಲರಿಗೂ ಸಿಗ್ತಾರೆ. ಹಂಪಿನಗರದಲ್ಲಿ ಮನೆ, ಅತ್ತಿಗುಪ್ಪೆಯಲ್ಲಿ ಕೌನ್ಸೆಲಿಂಗ್ ರೂಮು ಅಂದ್ರೆ ಬಂದವರು ನಾಳೆ ವಿಜಯನಗರದ ಮಾರುತಿ ಮಂದಿರದಲ್ಲಿ ಪ್ರಸಾದದ ಸಾಲಲ್ಲಿ ಎದುರಾಗ್ತಾರೆ. ಅವರಾಗಿ ಮಾತಾಡಿಸದಿದ್ರೆ ಕೌನ್ಸೆಲರ್ ಗುರುತೇ ಇಲ್ಲದ ಹಾಗೆ ನಡೀಬೇಕು. ಪಕ್ಕದಲ್ಲಿರೋ ಗಂಡ ‘ಯಾರವರು, ನಿನ್ನನ್ನೇ ನೋಡ್ತಿದ್ರಲ್ಲ’ ಅಂದ್ರೆ ‘ಗೊತ್ತಿಲ್ಲ’ ಅನ್ನಬೇಕು. ಇಂಥ ಸಣ್ಣ ಸಣ್ಣ ಸುಳ್ಳುಗಳು ಸೇರ್ತಾ ಹೋಗ್ತವೆ.

ಗುಟ್ಟಿಗೂ ಒಂದು ಮಿತಿ ಇದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ರೆ 21ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನ ಮುಚ್ಚಿಟ್ರೆ 1 ವರ್ಷದವರೆಗೆ ಜೈಲು, ದಂಡ. ಕಾಯ್ದೆ ಸರಿಯೇ ಇದೆ. ಆದರೆ ಆ ಹುಡುಗಿ ‘ಯಾರಿಗೂ ಹೇಳಲ್ಲ ಅಲ್ವಾ ಆಂಟಿ’ ಅಂತ ಕೇಳಿ ಆಮೇಲೆ ಬಾಯಿ ಬಿಟ್ಟಿರ್ತಾಳೆ. ಮೊದಲೇ ‘ಕೆಲವು ವಿಷಯ ಹೇಳಬೇಕಾಗುತ್ತೆ’ ಅಂತ ತಿಳಿಸಿದ್ರೂ ಅವಳ ಕಣ್ಣಲ್ಲಿ ಅದು ಮೋಸವೇ. ಆಮೇಲೆ ಹೇಳಿಕೆ, ಕೋರ್ಟ್ ಸಮನ್ಸ್, ಕಟಕಟೆಯಲ್ಲಿ ಎದುರು ವಕೀಲರ ಪ್ರಶ್ನೆ. ಆರೋಪಿಯ ಮನೆಯವರು ಅದೇ ವಾರ್ಡಿನವರಾಗಿದ್ರೆ ಕೌನ್ಸೆಲರ್ ಮಗ ಆಡೋ ಪಾರ್ಕಿಗೇ ಅವರ ಮಕ್ಕಳೂ ಬರ್ತಾರೆ.

ಇನ್ನು ಬರ್ತಾ ಇದ್ದವರು ಆತ್ಮಹತ್ಯೆ ಮಾಡಿಕೊಂಡ್ರೆ ಆಗೋ ನೋವು. ಸಾವಿನ ಮನೆಗೆ ಹೋಗಬಹುದಾ, ಹೋದ್ರೆ ಯಾರು ಅಂತ ಹೇಳಿಕೊಳ್ಳೋದು? ಬಹಳ ಸಲ ಹೋಗೋಕೇ ಆಗಲ್ಲ. ಕೊನೆ ಭೇಟಿಯಲ್ಲಿ ಅವರು ಹೇಳಿದ ಪ್ರತಿ ಮಾತನ್ನೂ ವರ್ಷಗಟ್ಟಲೆ ತಿರುವಿ ಹಾಕ್ತಾ ಇರ್ತಾರೆ. ಸೂತಕ ಇಲ್ಲದ ಸಾವು ಅದು.

ಬೆಡ್‌ರೂಮೇ ಕೌನ್ಸೆಲಿಂಗ್ ರೂಮ್ ಆದಾಗ

ಕೋವಿಡ್ ಬಂದ ಮೇಲೆ ಈ ಕೆಲಸದಲ್ಲಿ ಆದ ಬದಲಾವಣೆ ಸಣ್ಣದಲ್ಲ. 2020ರ ಲಾಕ್‌ಡೌನ್‌ನಲ್ಲಿ ನಿಮ್ಹಾನ್ಸ್ 080-46110007 ಅನ್ನೋ ಸಹಾಯವಾಣಿ ಶುರು ಮಾಡಿತು. ಖಾಸಗಿಯಾಗಿ ಕೆಲಸ ಮಾಡೋರೂ ಫೋನ್, ವಿಡಿಯೋ ಕಾಲ್‌ಗೆ ಬದಲಾದರು. ಲಾಕ್‌ಡೌನ್ ಹೋದರೂ ಆನ್‌ಲೈನ್ ಹೋಗಲಿಲ್ಲ. ರೂಮ್ ಬಾಡಿಗೆ ಉಳಿಯುತ್ತೆ, ಕೆಂಗೇರಿ ಉಪನಗರದಲ್ಲಿ ಕೂತು ಹುಬ್ಬಳ್ಳಿಯವರಿಗೂ ಕೌನ್ಸೆಲಿಂಗ್ ಮಾಡಬಹುದು, ಬರೋರಿಗೂ ಯಾರಾದರೂ ನೋಡ್ತಾರೆ ಅನ್ನೋ ಭಯ ಇಲ್ಲ. ಲಾಭ ಇದೆ, ಇಲ್ಲ ಅನ್ನೋಕಾಗಲ್ಲ.

ನಷ್ಟ ಏನು ಅಂದ್ರೆ ದಾರಿ. ಮೊದಲು ಕೆಲಸ ಮುಗಿದ ಮೇಲೆ ಬಸ್ಸಲ್ಲೋ ಮೆಟ್ರೋದಲ್ಲೋ ಮುಕ್ಕಾಲು ಗಂಟೆ ಕಿಟಕಿ ಆಚೆ ನೋಡ್ತಾ ಬಂದ್ರೆ ಕೇಳಿದ್ದು ಸ್ವಲ್ಪವಾದರೂ ಕೆಳಗೆ ಕೂರ್ತಿತ್ತು. ಈಗ ಲ್ಯಾಪ್‌ಟಾಪ್ ಮುಚ್ಚಿ ಬಾಗಿಲು ತೆಗೆದ್ರೆ ಎದುರಿಗೇ ಊಟದ ತಟ್ಟೆ. ಎರಡು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಒಂದು ಗಂಟೆ ಯಾರೂ ಟಿವಿ ಹಾಕೋ ಹಾಗಿಲ್ಲ, ಕುಕ್ಕರ್ ಕೂಗಿಸೋ ಹಾಗಿಲ್ಲ, ಅಪ್ಪ ಕೆಮ್ಮೋ ಹಾಗಿಲ್ಲ. ಯಾರದೋ ಅತ್ಯಾಚಾರದ ಕಥೆ ಕೇಳಿದ ಅದೇ ಕುರ್ಚಿ, ಅದೇ ಗೋಡೆ, ಅದೇ ಮಂಚದ ಪಕ್ಕ ರಾತ್ರಿ ಮಲಗಬೇಕು. ಮನೆ ಅನ್ನೋದು ಕೆಲಸದಿಂದ ತಪ್ಪಿಸಿಕೊಂಡು ಬರೋ ಜಾಗ ಆಗಿ ಉಳಿಯಲ್ಲ.

ಸುಮನಹಳ್ಳಿ ಸಾಲಿನ ದಿನಗಳು

2021ರ ಏಪ್ರಿಲ್, ಮೇ ತಿಂಗಳು ಪಶ್ಚಿಮ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು ನಿಂತಿತ್ತು. ಮಾಗಡಿ ರಸ್ತೆಯ ತಾವರೆಕೆರೆ ಹತ್ತಿರ ಬಯಲಲ್ಲೇ ಸಾಲಾಗಿ ಚಿತೆ ಉರಿದವು. ಮುಖ ನೋಡದೆ, ನೀರು ಬಿಡದೆ, ಅಪ್ಪ ಅಮ್ಮನನ್ನ ಕಳಿಸಿಕೊಟ್ಟ ಮಕ್ಕಳು ಆಮೇಲೆ ತಿಂಗಳುಗಟ್ಟಲೆ ಫೋನ್ ಮಾಡಿ ಅತ್ತಿದ್ದು ಕೌನ್ಸೆಲರ್‌ಗಳ ಹತ್ತಿರ.

ಆ ಕಡೆ ಫೋನ್ ಹಿಡಿದವರೂ ಇದೇ ಊರಿನವರು. ಅವರ ಮನೆಯಲ್ಲೂ ಆಕ್ಸಿಜನ್ ಹುಡುಕಾಟ, ಅವರ ಬೀದಿಯಲ್ಲೂ ಅದೇ ಸೈರನ್. ಮಾಮೂಲಿ ದಿನಗಳಲ್ಲಿ ಕೌನ್ಸೆಲರ್ ದಡದ ಮೇಲೆ ನಿಂತು ಕೈ ಚಾಚ್ತಾರೆ. ಅವತ್ತು ಅವರೂ ನೀರಲ್ಲೇ ಇದ್ದರು. 2001ರಲ್ಲಿ ನ್ಯೂಯಾರ್ಕ್‌ನ ಅವಳಿ ಕಟ್ಟಡ ಉರುಳಿದ ಮೇಲೆ ಅಲ್ಲಿನ ಕೌನ್ಸೆಲರ್‌ಗಳಿಗೆ ಇದೇ ಆಗಿತ್ತು. ಕೌನ್ಸೆಲರ್, ಬಂದವರು ಇಬ್ಬರೂ ಒಂದೇ ಆಘಾತದಲ್ಲಿರೋ ಇಂಥ ಪರಿಸ್ಥಿತಿಗೆ ‘ಹಂಚಿಕೊಂಡ ಆಘಾತ’ ಅನ್ನೋ ಮಾತು ಬಳಕೆಗೆ ಬಂತು. ಎದುರಿನವರು ‘ನಮ್ಮಪ್ಪನಿಗೆ ಬೆಡ್ ಸಿಗಲಿಲ್ಲ’ ಅಂದಾಗ ‘ನಮ್ಮ ಚಿಕ್ಕಪ್ಪನಿಗೂ ಸಿಗಲಿಲ್ಲ’ ಅನ್ನೋದು ನಾಲಿಗೆ ತುದಿಗೆ ಬಂದು ನುಂಗಿಕೊಳ್ಳೋದು ಇದೆಯಲ್ಲ, ಅದಕ್ಕೆ ಯಾವ ಕೋರ್ಸಲ್ಲೂ ಪಾಠ ಇರಲಿಲ್ಲ.

ಯೋಗ ಮಾಡಿ ಅನ್ನೋದು ಸುಲಭ

ಇಂಥ ತೊಂದರೆ ಹೇಳಿಕೊಂಡ ಕೌನ್ಸೆಲರ್‌ಗೆ ಸಿಗೋ ಮಾಮೂಲಿ ಸಲಹೆ: ಬೆಳಗ್ಗೆ ವಾಕ್ ಮಾಡಿ, ಧ್ಯಾನ ಮಾಡಿ, ವಾರಾಂತ್ಯ ಎಲ್ಲಾದ್ರೂ ಹೋಗಿ ಬನ್ನಿ. ಒಳ್ಳೇದೇ. ಆದರೆ ಕೆನಡಾದಲ್ಲಿ 259 ಥೆರಪಿಸ್ಟ್‌ಗಳನ್ನ ಕೇಳಿ ಬೋಬರ್, ರೇಗರ್ ಅನ್ನೋ ಇಬ್ಬರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ವಿಶ್ರಾಂತಿ, ಹವ್ಯಾಸ, ಸ್ವಂತ ಆರೈಕೆಗೆ ಜಾಸ್ತಿ ಸಮಯ ಕೊಟ್ಟವರಿಗೆ ಆಘಾತದ ಲಕ್ಷಣ ಕಡಿಮೆ ಇದ್ದಿದ್ದು ಕಾಣಲಿಲ್ಲ. ವಾರಕ್ಕೆ ಎಷ್ಟು ಗಂಟೆ ಆಘಾತದ ಕೇಸುಗಳನ್ನ ನೋಡ್ತಾರೆ ಅನ್ನೋದೇ ಮುಖ್ಯ ಆಗಿತ್ತು. 2015ರಲ್ಲಿ ಇಂಥ 38 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗಲೂ ಕಂಡಿದ್ದು ಹೆಚ್ಚುಕಡಿಮೆ ಇದೇ: ಕೇಸುಗಳ ಸಂಖ್ಯೆ, ಅದರಲ್ಲಿ ಆಘಾತದ ಕೇಸುಗಳ ಪಾಲು, ಕೌನ್ಸೆಲರ್ ತಾನೇ ಹಿಂದೆ ಅನುಭವಿಸಿದ ಆಘಾತ ಇವು ಅಪಾಯ ಹೆಚ್ಚಿಸ್ತವೆ, ಕೆಲಸದ ಜಾಗದಲ್ಲಿ, ಮನೆಯಲ್ಲಿ ಸಿಗೋ ಆಸರೆ ಅದನ್ನ ಕಡಿಮೆ ಮಾಡುತ್ತೆ.

ಅಂದ್ರೆ ಇದು ಕೌನ್ಸೆಲರ್ ಗಟ್ಟಿನಾ ಮೆತ್ತಗಾ ಅನ್ನೋ ಪ್ರಶ್ನೆ ಅಲ್ಲ. ಒಬ್ಬರ ತಲೆ ಮೇಲೆ ಎಷ್ಟು ಹೊರಿಸ್ತಾರೆ, ಇಳಿಸೋಕೆ ಯಾರಿದ್ದಾರೆ ಅನ್ನೋ ಪ್ರಶ್ನೆ. ಮೂಟೆ ಹೊರೋರಿಗೆ ಒಂದು ಮೂಟೆ ಇಷ್ಟೇ ಕೆಜಿ ಇರಬೇಕು ಅಂತ ಕೇಳ್ತೀವಿ. ಇಲ್ಲಿ ಆ ಲೆಕ್ಕವೇ ಇಲ್ಲ. ಸಂಬಳಕ್ಕೆ ಕೆಲಸ ಮಾಡೋರು ಬಂದವರನ್ನೆಲ್ಲಾ ನೋಡಬೇಕು. ಸ್ವಂತ ರೂಮ್ ಇಟ್ಟವರು ಬಾಡಿಗೆ ಕಟ್ಟೋಕೆ ಬಂದವರನ್ನೆಲ್ಲಾ ನೋಡಬೇಕು.

ಇಳಿಸೋ ದಾರಿಗೆ ಈ ವೃತ್ತಿಯಲ್ಲಿ ‘ಸೂಪರ್‌ವಿಷನ್’ ಅಂತಾರೆ. ಸ್ಕೂಲ್ ಇನ್ಸ್‌ಪೆಕ್ಟರ್ ಬಂದು ತಪ್ಪು ಹುಡುಕೋ ಥರದ್ದಲ್ಲ ಇದು. ಅನುಭವಿ ಹಿರಿಯರೊಬ್ಬರ ಹತ್ತಿರ ವಾರಕ್ಕೋ ಹದಿನೈದು ದಿನಕ್ಕೋ ಕೂತು, ಬಂದವರ ಹೆರಸು ಗುರುತು ಹೇಳದೆ, ಕೇಸಿನ ಬಗ್ಗೆ, ತನಗೆ ಆಗ್ತಿರೋದರ ಬಗ್ಗೆ ಮಾತಾಡೋದು. ಗುಟ್ಟೂ ಉಳಿಯುತ್ತೆ, ಭಾರವೂ ಇಳಿಯುತ್ತೆ. ನಿಮ್ಹಾನ್ಸ್‌ನಂಥ ಕಡೆ ಕಲಿಯೋರಿಗೆ ಇದು ಓದಿನ ಭಾಗ. ಡಿಪ್ಲೊಮಾ ಮುಗಿಸಿ ಮಹಡಿ ಮೇಲೆ ರೂಮ್ ಹಿಡಿದು ಒಬ್ಬರೇ ಕೂತವರಿಗೆ? ಹಿರಿಯರ ಫೀಸನ್ನ ಕೈಯಿಂದ ಕೊಟ್ಟು ಹೋಗಬೇಕು. ತಿಂಗಳ ಕೊನೆಯಲ್ಲಿ ಮೊದಲು ಕಡಿತ ಆಗೋ ಖರ್ಚೇ ಅದು.

ತಮಗೆ ಎಷ್ಟು ಆಗಿದೆ ಅಂತ ನೋಡಿಕೊಳ್ಳೋಕೆ ‘ಪ್ರೋಕ್ವಾಲ್’ ಅನ್ನೋ 30 ಪ್ರಶ್ನೆಗಳ ಪಟ್ಟಿ ಇದೆ, ದುಡ್ಡು ಕೊಡಬೇಕಿಲ್ಲ. ಅದರ ವಿಶೇಷ ಏನಂದ್ರೆ ಬಳಲಿಕೆಯ ಜೊತೆಗೆ ಈ ಕೆಲಸದಿಂದ ಸಿಗೋ ಸಮಾಧಾನವನ್ನೂ ಅಳೆಯುತ್ತೆ. ಆ ಸಮಾಧಾನ ಸುಳ್ಳಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ರಾಜಕೀಯ ಹಿಂಸೆಗೆ ಸಿಕ್ಕವರ ಜೊತೆ ಕೆಲಸ ಮಾಡೋ ಥೆರಪಿಸ್ಟ್‌ಗಳನ್ನ ಮಾತಾಡಿಸಿದಾಗ, ಬಂದವರು ಎದ್ದು ನಿಲ್ಲೋದನ್ನ ನೋಡಿ ತಮಗೂ ಬದುಕೋ ಧೈರ್ಯ ಬಂತು ಅನ್ನೋದು ಕಂಡುಬಂತು. ಎರಡು ವರ್ಷ ಬಾಯಿ ಬಿಡದ ಹುಡುಗಿ ಪಿಯುಸಿ ಮುಗಿಸಿ ಸ್ವೀಟ್ ಬಾಕ್ಸ್ ಹಿಡಿದು ಮೆಟ್ಟಿಲು ಹತ್ತಿ ಬಂದ ದಿನ, ಕೌನ್ಸೆಲರ್ ಮನೆಯಲ್ಲೂ ಅವತ್ತಿನ ಊಟ ರುಚಿಯಾಗೇ ಇರುತ್ತೆ. ಯಾಕೆ ಅಂತ ಮನೆಯವರಿಗೆ ಅದನ್ನೂ ಹೇಳೋ ಹಾಗಿಲ್ಲ.

ಯಾರ ಲೆಕ್ಕಕ್ಕೂ ಇಲ್ಲದವರು

ಬೋರ್ಡ್ ಹಾಕಿದವರೆಲ್ಲ ಒಂದೇ ಅಲ್ಲ ಅನ್ನೋದನ್ನೂ ತಿಳಿದಿರಬೇಕು. ಮನೋವೈದ್ಯರು ಎಂಬಿಬಿಎಸ್ ಓದಿದ ಡಾಕ್ಟರ್‌ಗಳು, ಮಾತ್ರೆ ಬರೀತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಕೌನ್ಸೆಲರ್‌ಗಳನ್ನ ಒಂದು ಚೌಕಟ್ಟಿಗೆ ತರೋ ಪ್ರಯತ್ನ ಶುರುವಾಗಿದ್ದು 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಿಂದ ಈಚೆಗೆ. ಜ್ಞಾನಭಾರತಿ ಕ್ಯಾಂಪಸ್‌ನಲ್ಲಿ ಸೈಕಾಲಜಿ ಎಂ.ಎಸ್ಸಿ ಅಥವಾ ಎಂಎಸ್‌ಡಬ್ಲ್ಯು ಮುಗಿಸಿ ಬರೋ ಇಪ್ಪತ್ತಮೂರು ವರ್ಷದ ಹುಡುಗ ಹುಡುಗಿಯರು ಸ್ಕೂಲು, ಎನ್‌ಜಿಒ, ಸಾಂತ್ವನ ಕೇಂದ್ರ, ಸಹಾಯವಾಣಿ ಅಂತ ಸೇರ್ತಾರೆ. ಅತಿ ಕಷ್ಟದ ಕೇಸುಗಳು ಮೊದಲು ಬರೋದು ಇಂಥ ಕಡೆಗೇ. ಸರ್ಕಾರದ ಯೋಜನೆಗಳಲ್ಲಿ ಅವರಿಗೆ ಸಿಗೋದಕ್ಕೆ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಅನುಭವ ಕಡಿಮೆ, ಭಾರ ಜಾಸ್ತಿ, ದುಡ್ಡು ಇಲ್ಲ. ಎರಡು ಮೂರು ವರ್ಷಕ್ಕೆ ಕೆಲಸ ಬಿಟ್ಟು ಕಂಪನಿಯ ಎಚ್‌ಆರ್‌ಗೆ ಹೋದ್ರೆ ಅವರನ್ನ ದೂರೋಕಾಗಲ್ಲ.

ಅವರು ಬಿಟ್ಟು ಹೋದ್ರೆ ನಷ್ಟ ಯಾರಿಗೆ ಅನ್ನೋದಕ್ಕೆ ಒಂದು ಲೆಕ್ಕ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ಅದರ ಪೂರ್ವಭಾವಿ ಪರೀಕ್ಷೆ ನಡೆದಿದ್ದು ನಮ್ಮ ಕೋಲಾರದಲ್ಲಿ. ಮಾನಸಿಕ ತೊಂದರೆ ಇದ್ದವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಬಹುತೇಕ ಕಾಯಿಲೆಗಳಲ್ಲಿ ಶೇ 70ಕ್ಕಿಂತ ಹೆಚ್ಚು ಇತ್ತು. ಇರೋದೇ ಕೆಲವರು. ಅವರಲ್ಲಿ ಒಬ್ಬರು ಬಾಗಿಲು ಹಾಕಿದ್ರೆ, ಅವರ ಹತ್ತಿರ ನಾಲ್ಕನೇ ಸಲ ಬಂದು ಇನ್ನೇನು ಬಾಯಿ ಬಿಡಬೇಕು ಅಂತಿದ್ದ ತಂಗಿ ಮತ್ತೆ ಹೊಸಬರ ಹತ್ತಿರ ಮೊದಲಿಂದ ಶುರು ಮಾಡಬೇಕು. ಬಹಳ ಜನ ಮತ್ತೆ ಶುರು ಮಾಡೋದೇ ಇಲ್ಲ.

ಮನೆಯವರು, ಓನರ್‌ಗಳು, ಅಂಗಡಿಯವರು

ಮನೆಯವರು ಕೇಸಿನ ವಿವರ ಕೇಳದೇನೇ ವಿಚಾರಿಸಬಹುದು. ‘ಇವತ್ತು ಭಾರ ಇತ್ತಾ’ ಅಂದ್ರೆ ಸಾಕು, ‘ಏನಾಯ್ತು, ಯಾರು’ ಬೇಡ. ಕೆಲವು ಮನೆಗಳಲ್ಲಿ ಬಂದ ಕೂಡಲೇ ಸ್ನಾನ, ಆಮೇಲೇ ಮಾತು ಅನ್ನೋ ಪದ್ಧತಿ ಇಟ್ಟುಕೊಳ್ತಾರೆ. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡಿಯೇ ಒಳಗೆ ಬರಬೇಕು ಅನ್ನೋದು ನಮ್ಮಲ್ಲಿ ಮೊದಲಿಂದ ಇರೋದೇ, ಹೊಸದಾಗಿ ಕಲಿಯಬೇಕಿಲ್ಲ. ಆ ಅರ್ಧ ಗಂಟೆ ಅಡುಗೆಮನೆಯಲ್ಲಿ ಬೇರೆ ಯಾರಾದರೂ ನಿಂತ್ರೆ ಇನ್ನೂ ಒಳ್ಳೇದು.

ಕೌನ್ಸೆಲರ್‌ಗಳು ತಮ್ಮತಮ್ಮಲ್ಲಿ ಮಾತಾಡೋವಾಗಲೂ ಒಂದು ಎಚ್ಚರ ಬೇಕು. ಒಬ್ಬರು ಹಗುರ ಆಗೋಕೆ ಹೋಗಿ ಇನ್ನೊಬ್ಬರ ತಲೆಗೆ ಆ ಚಿತ್ರ ತುಂಬಿಸಬಾರದು. ‘ಒಂದು ಕಷ್ಟದ ವಿಷಯ ಇದೆ, ಈಗ ಹೇಳಬಹುದಾ’ ಅಂತ ಮೊದಲು ಕೇಳಿ, ರಕ್ತ ಮಾಂಸದ ವಿವರ ಬಿಟ್ಟು, ತನಗೆ ಏನಾಯ್ತು ಅನ್ನೋದನ್ನಷ್ಟೇ ಹೇಳಬೇಕು.

ಮದುವೆ ಛತ್ರದಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತವರು ಕೌನ್ಸೆಲರ್ ಅಂತ ಗೊತ್ತಾದ ಕೂಡಲೇ ‘ನಮ್ಮ ಮೈದುನನಿಗೆ ಸ್ವಲ್ಪ ಕುಡಿಯೋ ಚಟ’ ಅಂತ ಶುರು ಮಾಡೋದು ಬೇಡ. ಒಬ್ಬಟ್ಟು ತಿನ್ನೋಕೆ ಬಿಡಿ. ಅಪಾಯಿಂಟ್‌ಮೆಂಟ್ ತಗೊಂಡು ಬರೋಕೆ ಆಗದಿದ್ರೆ ಹಿಂದಿನ ದಿನವೇ ಹೇಳಿ. ಮಹಡಿ ಬಾಡಿಗೆಗೆ ಕೊಟ್ಟ ಓನರ್‌ಗಳು, ಕೆಳಗಿನ ಅಂಗಡಿಯವರು ‘ಮೇಲೆ ಬಂದಿದ್ದು ಯಾರು, ಏನಂತೆ’ ಅಂತ ಕೇಳದೇ ಇದ್ರೆ ಅದೇ ದೊಡ್ಡ ಸಹಾಯ.

ತಾವೇ ಕುಸೀತಾ ಇದ್ದೀವಿ ಅನ್ನಿಸಿದ ಕೌನ್ಸೆಲರ್‌ಗಳೂ 14416ಕ್ಕೆ ಕರೆ ಮಾಡಬಹುದು. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಮ್ಮ ವೃತ್ತಿಯವರ ಹತ್ತಿರವೇ ಹೇಳಿಕೊಳ್ಳೋಕೆ ಸಂಕೋಚ ಅನ್ನಿಸಿದ್ರೆ, ಆ ಕಡೆ ಇರೋರಿಗೆ ಇವರು ಯಾರು ಅಂತ ಗೊತ್ತಿರಲ್ಲ.

ಒಬ್ಬೊಬ್ಬರೇ ಕೆಲಸ ಮಾಡೋರು ಒಂದೇ ಏರಿಯಾದ ನಾಲ್ಕೈದು ಜನ ಸೇರಿ ಹದಿನೈದು ದಿನಕ್ಕೊಮ್ಮೆ ಕೂತು, ಒಬ್ಬ ಹಿರಿಯರನ್ನ ಕರೆಸಿ, ಫೀಸನ್ನ ಹಂಚಿಕೊಂಡ್ರೆ ಸೂಪರ್‌ವಿಷನ್ ಕೈಗೆಟಕುತ್ತೆ. ಅದಕ್ಕೆ ಬೇಕಿರೋದು ಬಾಗಿಲು ಮುಚ್ಚೋಕೆ ಬರೋ, ಹೊರಗೆ ಮಾತು ಕೇಳಿಸದ ಒಂದು ರೂಮು, ಐದಾರು ಕುರ್ಚಿ, ಎರಡು ಗಂಟೆ. ರಾಜಾಜಿನಗರದಿಂದ ಕೆಂಗೇರಿವರೆಗೆ ವರ್ತಕರ ಸಂಘ, ಬಡಾವಣೆ ನಿವಾಸಿಗಳ ಸಂಘಗಳ ಕೈಯಲ್ಲಿ ಸಭೆ ಇಲ್ಲದ ದಿನ ಬೀಗ ಹಾಕಿರೋ ರೂಮುಗಳಿವೆ.